ಕ್ಯಾಲಿಫೋರ್ನಿಯಾದಲ್ಲಿ ಸೆಮಿ-ಆಟೋಮ್ಯಾಟಿಕ್ ರೈಫಲ್ ಕೊಳ್ಳುವ ಮುನ್ನ: ಸಮಗ್ರ ಮಾರ್ಗದರ್ಶಿ

ನೆವಾಡಾದ ರೀನೋದಲ್ಲಿ ಮನೆ ಇದ್ದವರು ಅಂಗಡಿಗೆ ಹೋಗಿ, ಗೋಡೆಯ ಮೇಲಿರುವ ರೈಫಲ್‌ಗಳಲ್ಲಿ ಕೈಗೆ ಒಗ್ಗಿದ್ದನ್ನು ಆರಿಸಿಕೊಳ್ಳಬಹುದು. ಬೆಟ್ಟ ದಾಟಿ ಕ್ಯಾಲಿಫೋರ್ನಿಯಾ ಕಡೆ ಇಳಿದರೆ ಲೆಕ್ಕ ಬೇರೆ. ಅದೇ ಕಂಪನಿ, ಅದೇ ಗುಂಡು, ಒಳಗಿನ ಯಂತ್ರವೂ ಅದೇ. ಆದರೆ ಹಿಡಿಯ ಆಕಾರ ಬೇರೆಯಾದರೆ ಸಾಕು, ಇಟ್ಟುಕೊಂಡವರ ಮೇಲೆ ಕ್ರಿಮಿನಲ್ ಕೇಸು.

ಆದ್ದರಿಂದ ಇಲ್ಲಿ ಆಯ್ಕೆ ಉಲ್ಟಾ ನಡೆಯಬೇಕು. ನೀವು ಕೊಳ್ಳಬಹುದೇ ಅನ್ನೋದು ಮೊದಲು. ಯಾವ ಬಗೆಯದ್ದು ಅನ್ನೋದು ಆಮೇಲೆ. ಮಾಡೆಲ್, ಬಣ್ಣ, ದುರ್ಬೀನು ಎಲ್ಲಾ ಕೊನೆಗೆ. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ಇದು ಕಾನೂನುಬದ್ಧ ಅಂತ ಯಾರಿಗೂ ವಿವರಿಸಿ ಹೇಳುವ ಪ್ರಮೇಯವೇ ಬರದ ರೈಫಲ್ಲೇ ಮೊದಲ ಸಲ ಕೊಳ್ಳುವವರಿಗೆ ಸರಿ. ಗ್ರೀನ್ ಕಾರ್ಡ್ ಮೇಲಿರುವ ನಮ್ಮವರಿಗಂತೂ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಇನ್ನೊಂದು ಮಾತು. ಸೆಮಿ-ಆಟೋಮ್ಯಾಟಿಕ್ ಎಂದರೆ ಮೆಷಿನ್ ಗನ್ ಅಲ್ಲ. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಆ ಗುಂಡಿನ ಶಕ್ತಿಯಿಂದಲೇ ಖಾಲಿ ತೋಟಾ ಹೊರಗೆ ಬಿದ್ದು ಮುಂದಿನದು ಒಳಗೆ ಕೂರುತ್ತದೆ. ಮತ್ತೆ ಹಾರಿಸಬೇಕಾದರೆ ಮತ್ತೆ ಎಳೆಯಬೇಕು.

ಮೊದಲ ಹೆಜ್ಜೆ: ನಿಮ್ಮ ವೀಸಾ ನೋಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಎಚ್-1ಬಿ, ಎಲ್-1, ಎಚ್-4, ಎಫ್-1, ಪ್ರವಾಸಿ ವೀಸಾ ಇವೆಲ್ಲ ಫೆಡರಲ್ ಕಾನೂನಿನ ಕಣ್ಣಿನಲ್ಲಿ ವಲಸೆಯೇತರ ವೀಸಾಗಳು. ಈ ವೀಸಾದ ಮೇಲೆ ಅಮೆರಿಕಕ್ಕೆ ಬಂದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ತಪ್ಪು. ಆಫೀಸಿನವರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ರೈಫಲ್ ಹಿಡಿದು ಫೋಟೋ ತೆಗೆಸಿಕೊಳ್ಳುವ ನಮ್ಮ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಹಿಡಿದ ಕ್ಷಣವೇ ಅದು "ಹೊಂದಿರುವುದು" ಅಂತ ಲೆಕ್ಕಕ್ಕೆ ಬರಬಹುದು.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಸಾಮಾನ್ಯ ಜನಕ್ಕೆ ಉಪಯೋಗಕ್ಕೆ ಬರುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸು. ಕಾನೂನು ಅದನ್ನು ಒಪ್ಪುತ್ತದೆ. ಆದರೂ ಎಚ್-1ಬಿ ಮೇಲಿದ್ದುಕೊಂಡು ಬರೀ ಆ ವಿನಾಯಿತಿ ನಂಬಿ ರೈಫಲ್ ಮನೆಗೆ ತರುವ ಮುನ್ನ ವಲಸೆ ಕಾನೂನೂ ಬಂದೂಕು ಕಾನೂನೂ ಎರಡೂ ಬಲ್ಲ ವಕೀಲರನ್ನು ಕೇಳಿ. ಲೈಸೆನ್ಸಿನ ದಿನಾಂಕ ಮುಗಿದ ಮರುದಿನವೇ ನೀವು ತಪ್ಪಿತಸ್ಥರಾಗುತ್ತೀರಿ. ಅದನ್ನು ನೆನಪಿಸಲು ಯಾರೂ ಪತ್ರ ಬರೆಯುವುದಿಲ್ಲ. ನನ್ನನ್ನು ಕೇಳಿದರೆ, ಗ್ರೀನ್ ಕಾರ್ಡ್ ಬರುವ ತನಕ ಕಾಯಿರಿ ಅನ್ನುತ್ತೇನೆ.

ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ನಾಗರಿಕರಿಗೂ ಅವರಿಗೂ ಇಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ತಪ್ಪು ಮಾಡಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಲು ವಲಸೆ ಕಾನೂನಿನಲ್ಲಿ ಪ್ರತ್ಯೇಕ ಕಲಮೇ ಇದೆ. ಪಕ್ಕದ ಮನೆಯ ಅಮೆರಿಕನ್‌ಗೆ ದಂಡ ಮತ್ತು ತಲೆನೋವಿನಲ್ಲಿ ಮುಗಿಯುವ ಕೇಸು ನಿಮ್ಮನ್ನು ವಿಮಾನ ಹತ್ತಿಸಬಹುದು.

ಮನೆಯೊಳಗಿನ ವಿಷಯವೂ ಇದೆ. ನಿಮ್ಮದು ಗ್ರೀನ್ ಕಾರ್ಡ್, ಹೆಂಡತಿಯದು ಇನ್ನೂ ಎಚ್-4 ಎಂದುಕೊಳ್ಳಿ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಪ್ರವಾಸಿ ವೀಸಾದಲ್ಲಿ ಬಂದಿದ್ದಾರೆ. ಅವರ ಕೈಗೆ ರೈಫಲ್ ಕೊಡುವಂತಿಲ್ಲ. ಕಪಾಟಿನ ಬೀಗದ ನಂಬರು ಅವರಿಗೆ ಗೊತ್ತಿರಲೂಬಾರದು. ಹೀಗೆ ನಿಷೇಧ ಇರುವವರಿಗೆ ತಿಳಿದೂ ತಿಳಿದೂ ಬಂದೂಕು ಕೊಡುವುದು ಕೊಟ್ಟವರ ಮೇಲಿನ ಅಪರಾಧ.

ಉಳಿದ ಅರ್ಹತೆಗಳು ಚುಟುಕಾಗಿ: ಸೆಮಿ-ಆಟೋಮ್ಯಾಟಿಕ್ ಸೆಂಟರ್‌ಫೈರ್ ರೈಫಲ್‌ಗೆ 21 ವರ್ಷ ಆಗಿರಬೇಕು (ಸೆಂಟರ್‌ಫೈರ್ ಎಂದರೇನು ಅನ್ನೋದು ಮುಂದೆ ಬರುತ್ತದೆ). ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿರಬಾರದು. ಕೆಲವು ಸಣ್ಣ ಅಪರಾಧಗಳಿಗೂ ಕ್ಯಾಲಿಫೋರ್ನಿಯಾದಲ್ಲಿ 10 ವರ್ಷದ ನಿಷೇಧ ಇದೆ. ಗೃಹಹಿಂಸೆಯ ತಡೆ ಆದೇಶ ಇದ್ದರೆ ಇಲ್ಲ. ಗಾಂಜಾ ಬಗ್ಗೆ ಒಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾದಲ್ಲಿ 2016ರ ಜನಮತದಿಂದ ಅದು ಕಾನೂನುಬದ್ಧ. ಕೊಳ್ಳುವಾಗ ತುಂಬುವ ಫೆಡರಲ್ ಫಾರಂನಲ್ಲಿ ಮಾತ್ರ ಇನ್ನೂ ಅಕ್ರಮ ವಸ್ತು. ಆ ಪ್ರಶ್ನೆಗೆ ಸುಳ್ಳು ಬರೆದು ಸಹಿ ಹಾಕುವುದು ಇನ್ನೊಂದು ಅಪರಾಧ.

ನಿಮ್ಮ ದಾಖಲೆಯಲ್ಲಿ ಹಳೆಯದೇನಾದರೂ ಇದೆಯೋ ಎಂಬ ಅನುಮಾನ ಇದ್ದರೆ ಅಂಗಡಿಗೆ ಹೋಗುವ ಮೊದಲೇ ರಾಜ್ಯದ ನ್ಯಾಯ ಇಲಾಖೆಗೆ 20 ಡಾಲರ್ ಕಟ್ಟಿ ನಿಮ್ಮ ಅರ್ಹತೆ ಏನೆಂದು ಕೇಳಬಹುದು. ತಿರಸ್ಕೃತ ಅರ್ಜಿಗಿಂತ ಇದು ಅಗ್ಗ.

ಯಾಕೆ ಬೇಕು ಅಂತ ಒಂದೇ ಸಾಲಿನಲ್ಲಿ ಬರೆಯಿರಿ

ಗುರಿ ಅಭ್ಯಾಸವೇ? ಹಂದಿ, ಜಿಂಕೆ ಬೇಟೆಯೇ? ಸ್ಪರ್ಧೆಯೇ? ಹಳೆಯ ಸೈನಿಕ ರೈಫಲ್‌ಗಳ ಹುಚ್ಚೇ? ಇದರಲ್ಲಿ ಒಂದನ್ನು ಹಿಡಿದುಕೊಳ್ಳಿ. "ಎಲ್ಲದಕ್ಕೂ ಆಗಲಿ" ಎಂದು ಹೊರಟವರೇ ಎಲ್ಲಾ ಪಾರ್ಟು ಬದಲಾಯಿಸಬಹುದಾದ ಎಆರ್ (ಎಆರ್-15 ಮಾದರಿಯ ರೈಫಲ್) ಬಳಿ ಹೋಗಿ ನಿಲ್ಲುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ತೊಡಕು ಹೆಚ್ಚಿರುವುದೂ ಅದಕ್ಕೇ.

ಬೇಟೆಗಾದರೆ ಬೋಲ್ಟ್-ಆಕ್ಷನ್ ರೈಫಲ್ ಸಾಕಾಗಬಹುದಾ ಎಂದು ಪ್ರಾಮಾಣಿಕವಾಗಿ ಯೋಚಿಸಿ. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು, ಅಷ್ಟೇ. ಅದಕ್ಕೆ ಮುಂದೆ ಹೇಳುವ ಹಿಡಿಯ, ಸ್ಟಾಕ್‌ನ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ತಕರಾರು ಯಾವುದೂ ಇಲ್ಲ. ಸೆಮಿ-ಆಟೋಮ್ಯಾಟಿಕ್ ಬೇಕೇ ಬೇಕು ಅನ್ನಿಸಿದರೆ ಮುಂದೆ ಓದಿ.

ಕಾನೂನನ್ನು ಓದುವ ಬಗೆ

1989ರ ಜನವರಿಯಲ್ಲಿ ಸ್ಟಾಕ್‌ಟನ್ ನಗರದ ಶಾಲೆಯೊಂದರ ಆಟದ ಅಂಗಳದಲ್ಲಿ ಒಬ್ಬ ಗುಂಡು ಹಾರಿಸಿ ಐದು ಮಕ್ಕಳನ್ನು ಕೊಂದ. ಅದೇ ವರ್ಷ ರಾಬರ್ಟಿ-ರೂಸ್ ಕಾಯ್ದೆ ಬಂತು. ಅದು ಹೆಸರು ಹಿಡಿದು ನಿಷೇಧಿಸಿತು: ಈ ಕಂಪನಿಯ ಈ ಮಾಡೆಲ್ ಬೇಡ. ಕಂಪನಿಗಳು ಹೆಸರು ಬದಲಾಯಿಸಿ ಅದೇ ಮಾಲು ಮಾರಿದವು. ಆಗ 2000ದ ಜನವರಿ 1ರಿಂದ ಎರಡನೇ ಕಾನೂನು ಬಂತು. ಅದು ಹೆಸರು ಬಿಟ್ಟು ಲಕ್ಷಣ ನೋಡಿತು. ಕಂಪನಿಗಳು ಮತ್ತೆ ದಾರಿ ಹುಡುಕಿದವು. ಗುಂಡಿನ ತುದಿಯಂಥ ಸಲಕರಣೆಯಿಂದ ಒತ್ತಿದರೆ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಕಳಚುವ "ಬುಲೆಟ್ ಬಟನ್" ಬಂತು. 2016ರಲ್ಲಿ ಸಹಿಯಾದ ಕಾನೂನು 2017ರಿಂದ ಅದನ್ನೂ ಮುಚ್ಚಿತು.

ಈ ಚರಿತ್ರೆ ಸುಮ್ನೆ ಹೇಳಿದ್ದಲ್ಲ. ಹಳೆಯ ವೀಡಿಯೋ ನೋಡಿ, ಗೆಳೆಯನ ಮಾತು ಕೇಳಿ ಕೊಳ್ಳಲು ಹೊರಟರೆ ಏನಾಗುತ್ತದೆ ಅಂತ ಇದರಲ್ಲೇ ಇದೆ. 2015ರಲ್ಲಿ ಸರಿಯಿದ್ದ ರೈಫಲ್ ಇವತ್ತು ಸರಿ ಇಲ್ಲದಿರಬಹುದು. ಹಳೆಯ ಎರಡು ಕಾನೂನುಗಳು ಹೋಗಿ ಹೊಸದು ಬಂದಿದೆ ಎಂದಲ್ಲ, ಎಲ್ಲವೂ ಒಟ್ಟಿಗೇ ಜಾರಿಯಲ್ಲಿವೆ.

ಹಾಗಾಗಿ ಯಾವುದೇ ರೈಫಲ್ ಎದುರಿಗಿಟ್ಟುಕೊಂಡು ಈ ಸರದಿಯಲ್ಲಿ ಕೇಳಿ.

ಮೊದಲನೆಯದು, ಹೆಸರು ಪಟ್ಟಿಯಲ್ಲಿದೆಯೇ? ಕೋಲ್ಟ್ ಎಆರ್-15, ಬುಷ್‌ಮಾಸ್ಟರ್ ಎಕ್ಸ್‌ಎಂ15 ಇಂಥವು ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವ ರೈಫಲ್‌ನ ಹಿಡಿ ಬದಲಾಯಿಸಿದರೂ ಬಿಡುಗಡೆ ಇಲ್ಲ. ಕೆತ್ತಿರುವ ಹೆಸರೇ ಅದರ ಜಾತಕ. ಪಟ್ಟಿ ರಾಜ್ಯ ನ್ಯಾಯ ಇಲಾಖೆಯ ಜಾಲತಾಣದಲ್ಲಿದೆ, ನೀವೇ ನೋಡಿ.

ಎರಡನೆಯದು, ಅದು ಸೆಂಟರ್‌ಫೈರ್ ಹೌದೇ? ತೋಟಾದ ಹಿಂಭಾಗದ ನಡುವೆ ಗುಂಡಗೆ ಒಂದು ಚುಕ್ಕೆ, ಅಂದರೆ ಪ್ರೈಮರ್ ಇದ್ದರೆ ಸೆಂಟರ್‌ಫೈರ್. .223, .308, 9 ಮಿ.ಮೀ. ಎಲ್ಲಾ ಹಾಗೆ. .22 ಲಾಂಗ್ ರೈಫಲ್ ತೋಟಾದಲ್ಲಿ ಆ ಚುಕ್ಕೆ ಇಲ್ಲ, ಅಂಚಿನಲ್ಲೇ ಮದ್ದು ಇರುತ್ತದೆ. ಅದು ರಿಮ್‌ಫೈರ್. ಲಕ್ಷಣಗಳ ಕಾನೂನು ಹಿಡಿಯುವುದು ಸೆಂಟರ್‌ಫೈರ್ ರೈಫಲ್‌ಗಳನ್ನು ಮಾತ್ರ.

ಮೂರನೆಯದು, ಒಟ್ಟು ಉದ್ದ 30 ಇಂಚಿಗಿಂತ ಕಡಿಮೆಯೇ? ಸೆಮಿ-ಆಟೋಮ್ಯಾಟಿಕ್ ಸೆಂಟರ್‌ಫೈರ್ ಆಗಿದ್ದು 30 ಇಂಚಿಗಿಂತ ಗಿಡ್ಡವಾಗಿದ್ದರೆ ಮುಂದಿನ ಪ್ರಶ್ನೆಯೇ ಬೇಡ, ನಿಷಿದ್ಧ.

ನಾಲ್ಕನೆಯದು, ಮ್ಯಾಗಜಿನ್ ಸ್ಥಿರವೇ, ಕಳಚುವಂಥದ್ದೇ? ಬಂದೂಕಿನ ಆಕ್ಷನ್ (ತೋಟಾ ಒಳಗೆ ಕೂರಿಸಿ ಹೊರಹಾಕುವ ಯಂತ್ರಭಾಗ) ಬಿಚ್ಚದೆ ಮ್ಯಾಗಜಿನ್ ತೆಗೆಯಲು ಬರಬಾರದು. ಹಾಗಿದ್ದರೆ ಮಾತ್ರ ಅದು ಸ್ಥಿರ. ಸ್ಥಿರವಾಗಿದ್ದು 10 ಗುಂಡಿಗಿಂತ ಹೆಚ್ಚು ಹಿಡಿದರೆ ಅದೂ ಬೇಡ.

ಐದನೆಯದು ಎಲ್ಲರೂ ಎಡವುವ ಜಾಗ. ಮ್ಯಾಗಜಿನ್ ಕಳಚುವಂಥದ್ದಾದರೆ ಈ ಆರರಲ್ಲಿ ಒಂದೂ ಇರಬಾರದು: ಆಕ್ಷನ್ ಕೆಳಗೆ ಎದ್ದು ಕಾಣುವಂತೆ ಚಾಚಿದ ಪಿಸ್ತೂಲು ಹಿಡಿ, ಹೆಬ್ಬೆರಳು ತೂರಿಸುವ ತೂತಿನ ಸ್ಟಾಕ್, ಮಡಚುವ ಅಥವಾ ಉದ್ದ-ಗಿಡ್ಡ ಮಾಡುವ ಸ್ಟಾಕ್, ಗ್ರೆನೇಡ್ ಅಥವಾ ಫ್ಲೇರ್ ಲಾಂಚರ್, ಬೆಂಕಿಯ ಮಿಂಚು ತಗ್ಗಿಸುವ ಫ್ಲ್ಯಾಶ್ ಸಪ್ರೆಸರ್, ಮುಂದಿನ ಕೈಗೆ ಇನ್ನೊಂದು ಪಿಸ್ತೂಲು ಹಿಡಿ. ಒಂದೇ ಒಂದು ಇದ್ದರೂ ರೈಫಲ್ "ಅಸಾಲ್ಟ್ ವೆಪನ್" ಆಗಿಬಿಡುತ್ತದೆ.

ಹಿಡಿಯ ವಿಷಯದಲ್ಲಿ ರಾಜ್ಯದ ನಿಯಮ ಬಹಳ ಸೂಕ್ಷ್ಮ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮದ ಮಡಿಕೆ ಇದೆಯಲ್ಲ, ಗುಂಡು ಹಾರಿಸುವಾಗ ಅದು ಹೊರಗೆ ಕಾಣುವ ಟ್ರಿಗರ್‌ನ ಮೇಲ್ತುದಿಗಿಂತ ಕೆಳಗೆ ಕೂರುವಂತಿದ್ದರೆ ಅದು ಪಿಸ್ತೂಲು ಹಿಡಿ. ಅಂಗಡಿಯಲ್ಲಿ ಕೈಯಿಟ್ಟು ನೋಡಿ. ಹಳೆಯ ಕಾಲದ ಮರದ ಸ್ಟಾಕ್‌ನಲ್ಲಿ ಕೈ ಸಹಜವಾಗಿ ಮೇಲಕ್ಕೆ ಬರುತ್ತದೆ.

ಈ ಕಾನೂನು ಕೋರ್ಟಿನಲ್ಲೂ ಇದೆ. 2021ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಸ್ಯಾನ್ ಡಿಯೇಗೋದ ಫೆಡರಲ್ ನ್ಯಾಯಾಧೀಶರು ಇದನ್ನು ಅಸಾಂವಿಧಾನಿಕ ಎಂದರು. ಮೇಲಿನ ಕೋರ್ಟು ಆ ತೀರ್ಪನ್ನು ತಡೆಹಿಡಿಯಿತು, ಕಾನೂನು ನಡೆಯುತ್ತಲೇ ಇದೆ. "ಕಾನೂನು ಬಿದ್ದುಹೋಯಿತಂತೆ" ಎಂಬ ಸುದ್ದಿ ಆಗಾಗ ವಾಟ್ಸಾಪ್‌ನಲ್ಲಿ ಓಡುತ್ತದೆ. ನಂಬಿ ಕೊಳ್ಳಲು ಹೋಗಬೇಡಿ. ಕೊಳ್ಳುವ ವಾರದಲ್ಲಿ ನ್ಯಾಯ ಇಲಾಖೆಯ ಪುಟವನ್ನು ಒಮ್ಮೆ ಓದಿ, ಅಲ್ಲಿದ್ದದ್ದೇ ಅಂತಿಮ.

ಯಾವ ಬಗೆ: ನನ್ನ ಇಷ್ಟದ ಸರದಿಯಲ್ಲಿ

*.22 ರಿಮ್‌ಫೈರ್.* ಮೊದಲ ರೈಫಲ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ರೂಗರ್ 10/22 ಅನ್ನು 1964ರಿಂದ ಮಾಡುತ್ತಿದ್ದಾರೆ. ಅದರ ಮಾಮೂಲಿ ಮ್ಯಾಗಜಿನ್ ಹಿಡಿಯುವುದೇ 10 ಗುಂಡು. ಚಕ್ರದಂತೆ ತಿರುಗುವ ಮ್ಯಾಗಜಿನ್ ಆದ್ದರಿಂದ ಹೊರಗೆ ಚಾಚುವುದಿಲ್ಲ. ಭುಜಕ್ಕೆ ಒದೆತವಿಲ್ಲ, ಸದ್ದು ಕಡಿಮೆ, ತೋಟಾ ಅಗ್ಗ. ಒಂದು ಮಧ್ಯಾಹ್ನ ಕೂತು ಉಸಿರು, ಗುರಿ, ಟ್ರಿಗರ್ ಮೂರನ್ನೂ ಕಲಿಯಬಹುದು. ದೊಡ್ಡ ರೈಫಲ್‌ನಲ್ಲಿ ಶುರು ಮಾಡಿದವರು ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚುವ ಅಭ್ಯಾಸ ಹಚ್ಚಿಕೊಳ್ಳುತ್ತಾರೆ. ಬಿಡಿಸುವುದು ಕಷ್ಟ.

ರಿಮ್‌ಫೈರ್ ಆದ್ದರಿಂದ ಮೇಲಿನ ಆರು ಲಕ್ಷಣಗಳ ಗೋಳಿಲ್ಲ. ಆದರೆ 10 ಗುಂಡಿನ ಮಿತಿ ಇದಕ್ಕೂ ಇದೆ. ರೂಗರ್ ಕಂಪನಿಯದೇ 25 ಗುಂಡಿನ ಮ್ಯಾಗಜಿನ್ ಬೇರೆ ರಾಜ್ಯಗಳ ಅಂಗಡಿಯಲ್ಲಿ ನೇತಾಡುತ್ತಿರುತ್ತದೆ, ಅದನ್ನು ತರಬೇಡಿ. ನಳಿಗೆಯ ಕೆಳಗೆ ಕೊಳವೆಯಲ್ಲಿ ಗುಂಡು ತುಂಬುವ .22 ರೈಫಲ್‌ಗಳಿಗೆ ಮಾತ್ರ ಈ ಮಿತಿಯಿಂದ ವಿನಾಯಿತಿ ಇದೆ.

*ಹಳೇ ಮಾದರಿಯ ಸ್ಟಾಕ್ ಇರುವ ಸೆಂಟರ್‌ಫೈರ್.* ಸೆಂಟರ್‌ಫೈರ್ ಬೇಕೆಂದರೆ ನನ್ನ ಓಟು ಇದಕ್ಕೆ. ರೂಗರ್ ಮಿನಿ-14 ಇದರಲ್ಲಿ ಪ್ರಸಿದ್ಧ, .223 ಗುಂಡು. ರಾಂಚ್ ಎಂಬ ಮಾಡೆಲ್‌ನಲ್ಲಿ ಮರದ ಸ್ಟಾಕ್, ನಳಿಗೆಯ ತುದಿ ಬರಿದು. ಕಳಚುವ ಮ್ಯಾಗಜಿನ್ ಇದ್ದರೂ ಆರು ಲಕ್ಷಣಗಳಲ್ಲಿ ಒಂದೂ ಇಲ್ಲ. ಅದೇ ಮಿನಿ-14ರ ಟ್ಯಾಕ್ಟಿಕಲ್ ಮಾಡೆಲ್‌ಗೆ ಫ್ಲ್ಯಾಶ್ ಸಪ್ರೆಸರ್ ಇರುತ್ತದೆ. ಅದು ಇಲ್ಲಿ ನಡೆಯಲ್ಲ. ಹೆಸರು ಒಂದೇ, ತುದಿಯ ಒಂದು ಸಣ್ಣ ಲೋಹದ ತುಂಡಿನಿಂದ ಹಣೆಬರಹ ಬೇರೆ. 20 ಗುಂಡಿನ ಮ್ಯಾಗಜಿನ್ ಜೊತೆ ಬರುವ ಪ್ಯಾಕೆಟ್ಟೂ ಇದೆ, 5 ಅಥವಾ 10ರದ್ದೇ ಕೇಳಿ.

.308 ಬೇಕಾದವರಿಗೆ ಸ್ಪ್ರಿಂಗ್‌ಫೀಲ್ಡ್ ಎಂ1ಎ ಇದೆ. ಕ್ಯಾಲಿಫೋರ್ನಿಯಾಕ್ಕೆಂದೇ ಸಪ್ರೆಸರ್ ಬದಲು ಮಜಲ್ ಬ್ರೇಕ್ ಹಾಕಿ ಕಂಪನಿಯೇ ಮಾರುತ್ತದೆ. ಬ್ರೇಕ್ ಒದೆತ ತಗ್ಗಿಸುತ್ತದೆ, ಮಿಂಚನ್ನಲ್ಲ. ಆದರೆ ಸದ್ದು ಪಕ್ಕದವರ ಕಿವಿಗೆ ಬಡಿಯುತ್ತದೆ. ತೂಕವೂ ಜಾಸ್ತಿ, ತೋಟಾ ದುಬಾರಿ. ಬೇಟೆಗೆಂದೇ ಮಾಡಿದ ಬ್ರೌನಿಂಗ್ ಬಾರ್, ಬೆನೆಲಿ ಆರ್1 ಇಂಥವು ನೋಡಲು ಬೋಲ್ಟ್ ರೈಫಲ್‌ನಂತೆಯೇ ಇರುತ್ತವೆ. ಪಿಸ್ತೂಲಿನ 9 ಮಿ.ಮೀ. ತೋಟಾ ತಿನ್ನುವ ಕಾರ್ಬೈನ್‌ಗಳೂ ಇವೆ. ರೂಗರ್ ಪಿಸಿ ಕಾರ್ಬೈನ್‌ನ ಮಾಮೂಲಿ ಸ್ಟಾಕ್ ಇರುವ ಮಾಡೆಲ್ ಮತ್ತು ಹೆನ್ರಿ ಹೋಮ್‌ಸ್ಟೆಡರ್ ಈ ಸಾಲಿನವು. ಇಂಥವು ಗಿಡ್ಡ ಇರುವುದರಿಂದ 30 ಇಂಚಿನ ಲೆಕ್ಕ ಮರೆಯಬೇಡಿ.

*ಒಳಗೇ ಸ್ಥಿರ ಮ್ಯಾಗಜಿನ್ ಇರುವ ಹಳೆಯ ಸೈನಿಕ ರೈಫಲ್.* ಎರಡನೇ ಮಹಾಯುದ್ಧದ ಎಂ1 ಗರಾಂಡ್ ನನಗೆ ಬಹಳ ಇಷ್ಟ. ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡದ್ದು. ಎಂಟು ತೋಟಾಗಳನ್ನು ಲೋಹದ ಕ್ಲಿಪ್ಪಿನಲ್ಲಿ ಮೇಲಿನಿಂದ ಒತ್ತಿ ತುಂಬಬೇಕು. ಎಂಟೂ ಮುಗಿದಾಗ ಖಾಲಿ ಕ್ಲಿಪ್ಪು "ಟಿಂಗ್" ಎಂದು ಹಾರಿ ಹೊರಬೀಳುತ್ತದೆ. ತುಂಬುವಾಗ ಹೆಬ್ಬೆರಳು ಬೇಗ ತೆಗೆಯದಿದ್ದರೆ ಬೋಲ್ಟ್ ಬಂದು ಜಜ್ಜುತ್ತದೆ. ಗರಾಂಡ್ ಹೆಬ್ಬೆರಳು ಎಂದೇ ಅದಕ್ಕೆ ಹೆಸರು. ಈಗಿನ ಬಿರುಸಾದ .30-06 ಬೇಟೆ ತೋಟಾ ಇದಕ್ಕೆ ಹಾಕಬೇಡಿ. ಒಳಗಿನ ಆಪರೇಟಿಂಗ್ ರಾಡ್ ಬಗ್ಗಿಹೋಗುತ್ತದೆ. ಗರಾಂಡ್‌ಗೆಂದೇ ಬರುವ ಪೆಟ್ಟಿಗೆ ಕೇಳಿ.

ಎಸ್‌ಕೆಎಸ್ ಕೂಡ ಈ ಗುಂಪಿನದು. 10 ಗುಂಡಿನ ಸ್ಥಿರ ಮ್ಯಾಗಜಿನ್ ಇರುವ ಮೂಲ ರೂಪದಲ್ಲಿದ್ದರೆ ಸರಿ. ಆದರೆ "ಕಳಚುವ ಮ್ಯಾಗಜಿನ್ ಇರುವ ಎಸ್‌ಕೆಎಸ್" 1989ರ ಹೆಸರಿನ ಪಟ್ಟಿಯಲ್ಲೇ ಇದೆ. ಹಿಂದಿನ ಮಾಲೀಕ ಏನಾದರೂ ಮಾರ್ಪಾಡು ಮಾಡಿದ್ದರೆ ಆ ರೈಫಲ್‌ನ ಹತ್ತಿರ ಸುಳಿಯಬೇಡಿ. ಗೋದಾಮಿನಿಂದ ಬಂದ ಎಸ್‌ಕೆಎಸ್ ಆದರೆ ಬೋಲ್ಟ್ ಒಳಗಿನ ಹಳೆಯ ಜಿಡ್ಡನ್ನು ಪೂರ್ತಿ ತೆಗೆಸಿ. ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್ ಜಿಡ್ಡಿನಲ್ಲಿ ಸಿಕ್ಕಿಕೊಂಡರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಅಪಾಯ ಇದೆ.

*ಕ್ಯಾಲಿಫೋರ್ನಿಯಾ ರೂಪದ ಎಆರ್.* ಇದು ಕೊನೆಗೆ. ಎರಡು ರೂಪ ಇವೆ. ಒಂದು "ಫೀಚರ್‌ಲೆಸ್": ಹಿಡಿಗೆ ಮೀನಿನ ರೆಕ್ಕೆಯಂಥ ತಡೆ, ಅಲುಗಾಡದಂತೆ ನಿಲ್ಲಿಸಿದ ಸ್ಟಾಕ್, ತುದಿಯಲ್ಲಿ ಬ್ರೇಕ್ ಅಥವಾ ಏನೂ ಇಲ್ಲ. ಮ್ಯಾಗಜಿನ್ ಮಾಮೂಲಿಯಂತೆ ಕಳಚುತ್ತದೆ. ಇನ್ನೊಂದು ಸ್ಥಿರ ಮ್ಯಾಗಜಿನ್ನಿನದು. ಹಿಡಿ, ಸ್ಟಾಕ್ ಹೇಗಿದ್ದರೂ ಸರಿ, ಆದರೆ ಆಕ್ಷನ್ ತೆರೆಯದೆ ಮ್ಯಾಗಜಿನ್ ಬರುವುದಿಲ್ಲ, ಅದೂ 10 ಗುಂಡಿನದು.

ಎರಡರಲ್ಲಿ ಫೀಚರ್‌ಲೆಸ್ ವಾಸಿ ಎಂದು ನನ್ನ ಎಣಿಕೆ. ತೋಟಾ ಒಳಗೆ ಸಿಕ್ಕಿಕೊಂಡಾಗ ಮ್ಯಾಗಜಿನ್ ತೆಗೆದು ಖಾಲಿ ಮಾಡುವುದು ಸುಲಭ ಇರಬೇಕು. ಸ್ಥಿರ ಮ್ಯಾಗಜಿನ್ನಿನಲ್ಲಿ ಹೊಸಬರು ಅಲ್ಲೇ ತಡಕಾಡುತ್ತಾರೆ. ಆದರೆ ಎಆರ್‌ನ ನಿಜವಾದ ಅಪಾಯ ಬೇರೆ. ಅದರ ಪಾರ್ಟುಗಳೆಲ್ಲ ಬಿಚ್ಚಿ ಹಾಕುವಂಥವು. ಒಂದು ಭಾನುವಾರ ಬೇಜಾರಾಗಿ ಆ ವಿಚಿತ್ರ ಹಿಡಿ ತೆಗೆದು ಮಾಮೂಲಿ ಹಿಡಿ ಹಾಕಿದಿರಿ ಎಂದುಕೊಳ್ಳಿ. ಸ್ಕ್ರೂ ಒಂದು ಸುತ್ತು ಬಿಗಿಯಾಗುವಷ್ಟರಲ್ಲಿ ನೀವು ಅಸಾಲ್ಟ್ ವೆಪನ್ ತಯಾರಿಸಿದ ಆರೋಪಿ. ಅದಕ್ಕೆ ಇಲ್ಲಿ 4ರಿಂದ 8 ವರ್ಷ ಶಿಕ್ಷೆ ಇದೆ. ಎಆರ್ ಬೇಕೇ ಬೇಕಾದರೆ ಅಂಗಡಿಯವರೇ ಪೂರ್ತಿ ಜೋಡಿಸಿ ಕ್ಯಾಲಿಫೋರ್ನಿಯಾಕ್ಕೆ ಸರಿ ಎಂದು ಬಿಲ್ಲಿನಲ್ಲಿ ಬರೆದುಕೊಟ್ಟದ್ದನ್ನು ಕೊಳ್ಳಿ. ಆಮೇಲೆ ಹಿಡಿ, ಸ್ಟಾಕ್, ತುದಿ ಈ ಮೂರನ್ನು ಮುಟ್ಟಬೇಡಿ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ

ಹಿಡಿಯುವ ಮೊದಲು ಮ್ಯಾಗಜಿನ್ ತೆಗೆಸಿ, ಆಕ್ಷನ್ ತೆರೆಸಿ, ಒಳಗೆ ಖಾಲಿ ಇದೆ ಎಂದು ನಿಮ್ಮ ಕಣ್ಣಿಂದಲೇ ನೋಡಿ. ಅಂಗಡಿಯವರು ನೋಡಿದ್ದರೂ ನೀವು ನೋಡಿ. ನಳಿಗೆ ಯಾರ ಕಡೆಗೂ ತಿರುಗದಿರಲಿ. ಬೆರಳು ಟ್ರಿಗರ್‌ನಿಂದ ದೂರ.

ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ತೆರೆಯಿರಿ. ಗುರಿಯ ಕಡ್ಡಿ ಸೀದಾ ಕಣ್ಣಿನ ಮುಂದಿದ್ದರೆ ಸ್ಟಾಕ್ ನಿಮಗೆ ಹೊಂದುತ್ತದೆ. ಕುತ್ತಿಗೆ ಉದ್ದ ಮಾಡಬೇಕಾದರೆ ಇಲ್ಲ. ಅಮೆರಿಕದ ಮಾಮೂಲಿ ಸ್ಟಾಕ್‌ಗಳು ನಮ್ಮಲ್ಲಿ ಅನೇಕರಿಗೆ, ಅದರಲ್ಲೂ ಹೆಂಗಸರಿಗೆ, ಒಂದಿಂಚು ಉದ್ದ ಅನ್ನಿಸುವುದುಂಟು. ಉದ್ದ-ಗಿಡ್ಡ ಮಾಡುವ ಸ್ಟಾಕ್ ಸೆಂಟರ್‌ಫೈರ್‌ಗೆ ಹಾಕುವಂತಿಲ್ಲವಲ್ಲ. ಹಾಗಾಗಿ ಕೊಳ್ಳುವಾಗಲೇ ಅಳತೆ ಸರಿ ಇರಬೇಕು. ರೂಗರ್‌ನಂಥ ಕಂಪನಿಗಳು ಕೆಲವು ಮಾಡೆಲ್‌ಗಳಲ್ಲಿ ಗಿಡ್ಡ ಸ್ಟಾಕ್ ಕೊಡುತ್ತವೆ, ಕೇಳಿ ನೋಡಿ.

ಆಮೇಲೆ ನಳಿಗೆಯ ತುದಿ ನೋಡಿ. ಅಲ್ಲಿ ಏನೋ ಇದ್ದರೆ ಅದು ಬ್ರೇಕೋ ಸಪ್ರೆಸರೋ? "ಎರಡೂ ಕೆಲಸ ಮಾಡುತ್ತೆ" ಎಂದರೆ ಬೇಡ. ಮಿಂಚನ್ನು ಕಾಣುವಷ್ಟು ತಗ್ಗಿಸಿದರೆ, ಅಥವಾ ಹಾರಿಸುವವರ ಕಣ್ಣಿನಿಂದ ಆಚೆ ತಿರುಗಿಸಿದರೆ, ಹೆಸರು ಏನೇ ಇರಲಿ, ನಿಯಮದ ಪ್ರಕಾರ ಅದು ಸಪ್ರೆಸರ್.

ಹಾಗೇ ಕೇಳಿ, ಬಾಡಿಗೆಗೆ ಇದೇ ಮಾಡೆಲ್ ಇದೆಯಾ? ಕೆಲವು ರೇಂಜುಗಳಲ್ಲಿ ಇರುತ್ತದೆ. ನೀವು ಅರ್ಹರಾಗಿದ್ದರೆ ಒಂದು ಪೆಟ್ಟಿಗೆ ತೋಟಾ ಹಾರಿಸಿ ನೋಡಿ. ಓದುವುದಕ್ಕಿಂತ ಜಾಸ್ತಿ ಅದರಿಂದ ತಿಳಿಯುತ್ತದೆ.

ಕಾಗದಪತ್ರ, ದುಡ್ಡು, ಹತ್ತು ದಿನ

ಮೊದಲು ಫೈರ್‌ಆರ್ಮ್ ಸೇಫ್ಟಿ ಸರ್ಟಿಫಿಕೇಟ್ ಬೇಕು. ಅಂಗಡಿಯಲ್ಲೇ ಬರೆಯುವ ಪರೀಕ್ಷೆ. 30 ಪ್ರಶ್ನೆ, ಪಾಸಾಗಲು 75 ಪರ್ಸೆಂಟ್, ಶುಲ್ಕ 25 ಡಾಲರ್, 5 ವರ್ಷ ನಡೆಯುತ್ತದೆ. ಅಭ್ಯಾಸದ ಪುಸ್ತಿಕೆ ನ್ಯಾಯ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಸಂಜೆ ಓದಿದರೆ ಸಾಕು.

ಆಮೇಲೆ ಫೆಡರಲ್ ಸರ್ಕಾರದ 4473 ಎಂಬ ಫಾರಂ, ರಾಜ್ಯದ ಡ್ರೋಸ್ ಎಂಬ ದಾಖಲೆ. ಡ್ರೋಸ್ ಶುಲ್ಕ 37.19 ಡಾಲರ್. ಗ್ರೀನ್ ಕಾರ್ಡಿನವರು ಕಾರ್ಡಿನ ನಂಬರು ಬರೆಯಬೇಕು. ಡ್ರೈವಿಂಗ್ ಲೈಸೆನ್ಸಿನ ಮೇಲೆ "ಫೆಡರಲ್ ಲಿಮಿಟ್ಸ್ ಅಪ್ಲೈ" ಎಂದು ಮುದ್ರಿಸಿದ್ದರೆ ಅದೊಂದೇ ಸಾಲದು, ಕಾನೂನುಬದ್ಧವಾಗಿ ಇದ್ದೀರಿ ಎನ್ನುವ ಪುರಾವೆಯೂ ಬೇಕು. ಮನೆ ಬದಲಾಯಿಸಿದ್ದರೆ ಹೊಸ ವಿಳಾಸ ಇರುವ ಸರ್ಕಾರಿ ಕಾಗದ ತನ್ನಿ, ಕಾರಿನ ನೋಂದಣಿ ಪತ್ರದಂಥದ್ದು.

ನಮ್ಮವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ, ಹೆಸರಿನದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಅಮೆರಿಕದ ದಾಖಲೆಗಳಲ್ಲಿ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಎಂದು ಸೇರಿಕೊಂಡಿರುತ್ತದೆ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಒಂದು ಕಡೆ, ಬಿಡಿಸಿ ಇನ್ನೊಂದು ಕಡೆ. ಲೈಸೆನ್ಸು ಮತ್ತು ಗ್ರೀನ್ ಕಾರ್ಡಿನಲ್ಲಿ ಹೆಸರು ಬೇರೆ ಬೇರೆ ಇದ್ದರೆ ತಪಾಸಣೆ ನಿಧಾನವಾಗಬಹುದು. ಮೊದಲು ಅದನ್ನು ಸರಿ ಮಾಡಿಸಿಕೊಂಡು ಹೋಗಿ.

ದುಡ್ಡಿನ ಲೆಕ್ಕದಲ್ಲಿ ಬೆಲೆಪಟ್ಟಿಯನ್ನಷ್ಟೇ ನೋಡಬೇಡಿ. 2024ರ ಜುಲೈಯಿಂದ ಬಂದೂಕು, ತೋಟಾ ಮೇಲೆ ರಾಜ್ಯದ 11 ಪರ್ಸೆಂಟ್ ತೆರಿಗೆ ಬಂದಿದೆ. 500 ಡಾಲರ್ ರೈಫಲ್‌ಗೆ 55 ಡಾಲರ್ ಅಲ್ಲೇ ಹೋಯಿತು. ಮಾಮೂಲಿ ಮಾರಾಟ ತೆರಿಗೆ ಬೇರೆ. ಬೀಗ, ಕಪಾಟು, ಕಿವಿ ಕಣ್ಣಿನ ರಕ್ಷಣೆ, ತರಬೇತಿ ಶುಲ್ಕ, ತೋಟಾ ಎಲ್ಲಾ ಸೇರಿದರೆ ರೈಫಲ್‌ನಷ್ಟೇ ದುಡ್ಡು ಅದರ ಸುತ್ತಮುತ್ತಲಿಗೂ ಬೇಕಾಗಬಹುದು.

ಕಾಗದ ಮುಗಿದ ಮೇಲೆ 10 ದಿನ ಕಾಯಬೇಕು. ಗಂಟೆ ಲೆಕ್ಕದಲ್ಲಿ ಪೂರ್ತಿ 10 ದಿನ. ದಾಖಲೆಯಲ್ಲಿ ಗೊಂದಲ ಇದ್ದರೆ ಇಲಾಖೆ 30 ದಿನದ ತನಕ ತಡೆಯಬಹುದು. ತರಲು ಹೋದಾಗ ಸುರಕ್ಷಿತವಾಗಿ ಹಿಡಿಯುವುದನ್ನು ಅಂಗಡಿಯವರ ಎದುರು ತೋರಿಸಬೇಕು. ಒಪ್ಪಿಗೆ ಪಡೆದ ಬೀಗವೂ ಬೇಕು. ಬೇರೆ ರಾಜ್ಯದ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೂ ಅದು ಕ್ಯಾಲಿಫೋರ್ನಿಯಾದ ಅಂಗಡಿಗೆ ಬಂದು ಇದೇ ದಾರಿಯಲ್ಲೇ ನಿಮ್ಮ ಕೈ ಸೇರಬೇಕು. ಗೆಳೆಯನಿಂದ ಹಳೆಯದು ಕೊಂಡರೂ ಅಷ್ಟೇ, ಅಂಗಡಿಯ ಮೂಲಕವೇ.

ತೋಟಾಕ್ಕೂ 2019ರ ಜುಲೈಯಿಂದ ಪ್ರತಿ ಸಲ ತಪಾಸಣೆ ಇದೆ. ಅದೇ ತಿಂಗಳಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧ, .22ಕ್ಕೂ ಸೇರಿ. ರೇಂಜಿನಲ್ಲಿ ಸೀಸ ನಡೆಯುತ್ತದೆ. ಆದರೆ ಉಕ್ಕು ಇರುವ ಗುಂಡನ್ನು ಅನೇಕ ರೇಂಜುಗಳಲ್ಲಿ ಅಯಸ್ಕಾಂತ ಹಿಡಿದು ಪತ್ತೆ ಹಚ್ಚಿ ವಾಪಸ್ ಕಳಿಸುತ್ತಾರೆ.

ಮನೆಗೆ ಬಂದ ಮೇಲೆ

2026ರ ಜನವರಿಯಿಂದ ಮನೆಯಲ್ಲಿರುವ ಬಂದೂಕು ನಿಮ್ಮ ಮೈಮೇಲೆ ಅಥವಾ ಕೈಗೆಟಕುವ ಹಿಡಿತದಲ್ಲಿ ಇಲ್ಲದಾಗ ಒಪ್ಪಿತ ಬೀಗದಲ್ಲಿರಲೇಬೇಕು ಎಂಬ ನಿಯಮ ಬಂದಿದೆ. ಮಕ್ಕಳಿದ್ದರೆ ಇದು ಮೊದಲಿನಿಂದಲೂ ಕಟ್ಟುನಿಟ್ಟು. ರೈಫಲ್ ಒಂದು ಕಡೆ, ತೋಟಾ ಇನ್ನೊಂದು ಬೀಗದಲ್ಲಿ. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ ಆ ದಿನಗಳಲ್ಲಿ ಬಂದೂಕು ಮನೆಯಲ್ಲಿ ಇರುವುದೇ ಬೇಡ. ಕಾನೂನಿಗೆ ಸರಿಯಾದ ಬಗೆಯಲ್ಲಿ ಅದನ್ನು ಹೊರಗೆ ಇರಿಸಲು ಬಂದೂಕಿನ ಅಂಗಡಿಯನ್ನೋ ಪೊಲೀಸರನ್ನೋ ಕೇಳಿ. ಮಾರಿದರೂ ಸರಿ.

ಕಾರಿನಲ್ಲಿ ಒಯ್ಯುವಾಗ ತೋಟಾ ಖಾಲಿ ಮಾಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಡಿಕ್ಕಿಯಲ್ಲಿಡಿ. ಶಾಲೆಯಿಂದ 1000 ಅಡಿಯೊಳಗೆ ಹಾಯುವಾಗ ಬೀಗ ಇರಲೇಬೇಕು. ನಗರದಲ್ಲಿ ಶಾಲೆ ಸಿಗದ ದಾರಿ ಎಲ್ಲಿದೆ? ಹಾಗಾಗಿ ಯಾವಾಗಲೂ ಬೀಗ. ಕಳವಾದರೆ ಗೊತ್ತಾದ 5 ದಿನದೊಳಗೆ ಪೊಲೀಸರಿಗೆ ತಿಳಿಸಬೇಕು. ಸೀರಿಯಲ್ ನಂಬರು ಮತ್ತು ಬಿಲ್ಲಿನ ಫೋಟೋ ಬೇರೆ ಕಡೆ ಇಟ್ಟಿರಿ. ಗೆಳೆಯರಿಗೆ ಸಾಲ ಕೊಡಬೇಡಿ.

ಬೇರೆ ರಾಜ್ಯಕ್ಕೆ, ಅಥವಾ ಊರಿಗೆ ಹೋಗುವಾಗ

ಮೇಲಿನ ಲೆಕ್ಕ ಕ್ಯಾಲಿಫೋರ್ನಿಯಾದ್ದು ಮಾತ್ರ. ನ್ಯೂಜೆರ್ಸಿಯಲ್ಲಿ ಕೊಳ್ಳಲು ಮೊದಲು ಗುರುತಿನ ಕಾರ್ಡು ಬೇಕು. ಇಲಿನಾಯ್‌ನಲ್ಲಿ ಬಂದೂಕು ಇಟ್ಟುಕೊಳ್ಳುವವರಿಗೆ ರಾಜ್ಯ ಕೊಡುವ ಫಾಯ್ಡ್ ಕಾರ್ಡು. ನ್ಯೂಯಾರ್ಕ್‌ನಲ್ಲಿ 2022ರ ಸೆಪ್ಟೆಂಬರಿನಿಂದ ಸೆಮಿ-ಆಟೋಮ್ಯಾಟಿಕ್ ರೈಫಲ್ ಕೊಳ್ಳಲು ಲೈಸೆನ್ಸು. ವಾಷಿಂಗ್ಟನ್ ರಾಜ್ಯ 2023ರಲ್ಲಿ ತನ್ನದೇ ಪಟ್ಟಿ ಮಾಡಿ ಮಾರಾಟ ನಿಲ್ಲಿಸಿದೆ. ಸಿಯಾಟಲ್‌ಗೆ ಕೆಲಸ ಬದಲಾಯಿಸುವ ಮುನ್ನ ಅಲ್ಲಿನ ನಿಯಮ ಓದಿ. ಟೆಕ್ಸಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಬರುವವರು ಅಲ್ಲಿ ಸರಿಯಿದ್ದ ಎಆರ್ ಅನ್ನು ಸಾಮಾನಿನ ಲಾರಿಯಲ್ಲಿ ಹಾಕಿ ತರುವಂತಿಲ್ಲ. ಇಲ್ಲಿನ ಕಾನೂನಿಗೆ ಸರಿಹೊಂದುವ ಬಂದೂಕು ತಂದರೂ ಗಡುವಿನೊಳಗೆ ರಾಜ್ಯಕ್ಕೆ ವರದಿ ಮಾಡಬೇಕು.

ಊರಿಗೆ ವಾಪಸ್ ಹೋಗುವವರು ರೈಫಲ್ ಒಯ್ಯುವ ಆಸೆ ಬಿಡಿ. ಅಮೆರಿಕದಿಂದ ಹೊರಗೆ ಕಳಿಸಲು ಇಲ್ಲಿನ ರಫ್ತು ನಿಯಮ, ಅಲ್ಲಿ ಇಳಿಸಲು ಭಾರತದ ಶಸ್ತ್ರಾಸ್ತ್ರ ಕಾಯ್ದೆ. ಸೆಮಿ-ಆಟೋಮ್ಯಾಟಿಕ್ ರೈಫಲ್ ಎಂದರೆ ಜಿಲ್ಲಾಧಿಕಾರಿ ಕೊಡುವ ಮಾಮೂಲಿ ಲೈಸೆನ್ಸಿಗೆ ಸಿಗುವ ವಸ್ತುವಲ್ಲ. ಕೊಡಗಿನವರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಅಮೆರಿಕದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ನೆಚ್ಚಿ ಇಲ್ಲಿಂದ ರೈಫಲ್ ಒಯ್ಯಲೂ ಹೋಗಬೇಡಿ. ಹೊರಡುವ ಒಂದೆರಡು ತಿಂಗಳು ಮೊದಲೇ ಅಂಗಡಿಗೆ ಕೊಟ್ಟು ಮಾರಿಸಿ. ಕೊಳ್ಳುವವರಿಗೂ 10 ದಿನದ ಕಾಯುವಿಕೆ ಇದೆಯಲ್ಲ, ಟಿಕೆಟ್ ದಿನಾಂಕ ಹತ್ತಿರ ಬಂದ ಮೇಲೆ ಓಡಾಡಿದರೆ ಆಗುವುದಿಲ್ಲ. ಮಾರಾಟದ ರಸೀದಿ ಜೋಪಾನವಾಗಿಡಿ. ಆ ಸೀರಿಯಲ್ ನಂಬರಿನ ರೈಫಲ್ ಈಗ ನಿಮ್ಮದಲ್ಲ ಎನ್ನಲು ನಿಮ್ಮ ಬಳಿ ಇರುವ ಕಾಗದ ಅದೊಂದೇ.